ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಉಗುಳಿದ ವೈನು

ವಿಜಯಪುರದಿಂದ ಹೊರಟ ಬಸ್ಸು ಸುರಪುರದಲ್ಲಿ ನಿಂತದ್ದೇ ತಡ, ತಮ್ಮ ಮಲ್ಲಣ್ಣ ಚೀಲದಿಂದ ವೈನಿನ ಬಾಟಲಿ ತೆಗೆದುಕೊಂಡು ಬೇವಿನ ಮರದ ಮರೆಗೆ ಹೋದ. ಒಣದ್ರಾಕ್ಷಿಯ ವಿಜಯಪುರ ಸೀಮೆಯಲ್ಲಿ ಈಗ ವೈನೂ ಮಾಡುತ್ತಾರೆ. ಇವನು ಅಲ್ಲಿನ ಒಂದು ವೈನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಕದ್ದು ಕುಡಿಯಲು ಹೋದನೆಂಬ ಅನುಮಾನದಿಂದ ನಾನೂ ಹಿಂದೆಯೇ ಹೋದೆ.

ಲೋಟಕ್ಕೆ ಸ್ವಲ್ಪ ಸುರಿದು, ಮೂಸಿ, ಬಾಯಲ್ಲಿ ತಿರುಗಿಸಿ, ಅಷ್ಟನ್ನೂ ನೆಲಕ್ಕೆ ಉಗುಳಿದ.

“ನನ್ನ ನೋಡೇ ಉಗುಳಿದಿ, ಹೌದಿಲ್ಲೋ ಕಳ್ಳ?”

“ಇಲ್ಲಬೇ ಅಕ್ಕಾ, ಬಿಸಲಿಗಿ ಕೆಟ್ಟೈತೇನಂತ ನೋಡಿದೆ. ಯಾದಗಿರಿ ಹೋಟೆಲ್‌ನವರಿಗೆ ತೋರಸೋ ಮಾಲಿದು.”

“ನುಂಗಂಗಿಲ್ಲೇನು?”

“ದಿನಾ ಹತ್ತಾರು ಪೀಪಾಯಿ ರುಚಿ ನೋಡ್ತೀನಿ. ನುಂಗಿದ್ರ ಮಧ್ಯಾಹ್ನಕ್ಕ ನಾಲಿಗಿ ಸಾಯ್ತೈತಿ. ವಾಸನಿ ಮಾತ್ರ ಅಂಗಿ ಬಿಡಂಗಿಲ್ಲ.”

ಲೋಟ ಮೂಸಿದೆ. ಹೋದ ವರ್ಷ ಅವನ ಅಂಗಿಯಲ್ಲಿದ್ದದ್ದು ಇದೇ ಹುಳಿ ವಾಸನೆ. ಅದನ್ನೇ ನಂಬಿ, ಅವನು ಕುಡುಕನೆಂದು ರಾಮಸಮುದ್ರದ ಹುಡುಗಿಯ ಮನೆಯವರಿಗೆ ಗುಟ್ಟಾಗಿ ಹೇಳಿದವಳು ನಾನು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಏಕೆಂದು ಇವನಿಗೆ ಇವತ್ತಿಗೂ ತಿಳಿಯದು.

“ರಾಮಸಮುದ್ರದಾಗ ಚಾಡಿ ಹೇಳಿದಾಕಿ ನಾನ, ಮಲ್ಲು,” ಎಂದೆ.

ಮುಚ್ಚಳ ಹಾಕುತ್ತಿದ್ದ ಅವನ ಕೈ ನಿಂತಿತು. “ಒಂದ ಮಾತು ನನ್ನ ಕೇಳಬೇಕಿತ್ತಬೇ.”

ಬಸ್ಸು ಹತ್ತಿ, ನಮ್ಮ ಸೀಟು ದಾಟಿ ಹೋಗಿ ಕಡೆಯ ಸಾಲಿನಲ್ಲಿ ಕುಳಿತ. ಶಹಾಪುರ ಬರುವವರೆಗೂ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.