ಕೊತ್ತತ್ತಿಯ ಉಗಿ ಇಂಜಿನ್ನು

ಮಂಡ್ಯದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಉಗಿ ಇಂಜಿನ್ನಿನ ಪಾಠ ಮಾಡಿದವನು ನಾನು. ಅಷ್ಟೂ ವರ್ಷ ಒಂದೇ ಒಂದು ಇಂಜಿನ್ನನ್ನೂ ಮುಟ್ಟಿ ನೋಡಿರಲಿಲ್ಲ. ಸೀಮೆಸುಣ್ಣದಲ್ಲಿ ಬರೆದ ಇಂಜಿನ್ನು ಬಲು ಸಾಧು. ಕೈ ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಕೆಟ್ಟರೆ ಒರೆಸಿ ಇನ್ನೊಂದು ಬರೆದರಾಯಿತು.

ಆಗ ಯುದ್ಧದ ಕಾಲ. ಒಳ್ಳೆಯ ಬೆಲ್ಲ ಸಿಗುತ್ತದೆಂದು ಕೇಳಿ ಒಂದು ಭಾನುವಾರ ಕೊತ್ತತ್ತಿಯ ಪುಟ್ಟಮ್ಮನವರ ಮನೆಗೆ ಹೋದೆ. ಹಿತ್ತಲಲ್ಲಿ ಕಬ್ಬಿಣದ ಯಂತ್ರವೊಂದು ಕೂತಿತ್ತು. ಅದರ ಚಕ್ರದ ಮೇಲೆ ಸೀರೆ ಒಣಗುತ್ತಿತ್ತು. ಕನ್ನಡಕ ಸರಿಮಾಡಿಕೊಂಡು, ಸುತ್ತ ಎರಡು ಸಲ ತಿರುಗಿ, "ಇದು ಎಣ್ಣೆ ಇಂಜಿನ್ನು" ಎಂದು ತೀರ್ಪು ಕೊಟ್ಟೆ.

"ಅಂಗಾ ಮೇಷ್ಟ್ರೇ? ನಮ್ ಯಜಮಾನ್ರು ಇದುಕ್ಕೆ ಸೌದೆ ಉರ್ಸಿ ನೀರು ಕಾಯುಸ್ತಿದ್ರಲ್ಲ" ಎಂದರು ಪುಟ್ಟಮ್ಮ, ಮೆತ್ತಗೆ. ಹಂಗಿಸುವ ಉದ್ದೇಶ ಅವರಿಗಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಆಮೇಲೆ ಕಥೆ ಹೊರಬಿತ್ತು. ಅವರ ಗಂಡ ಈ ಇಂಜಿನ್ನಿನಿಂದ ಗಾಣ ತಿರುಗಿಸಿ ಊರವರ ಕಬ್ಬು ಅರೆದುಕೊಡುತ್ತಿದ್ದರಂತೆ. ಒಂದು ವರ್ಷ ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ಎಣ್ಣೆ ಹಾಕದೆ ಓಡಿಸಿ ಕೆಡಿಸಿದ ಎಂದು ಮೊದಲು ಗಂಡನ ಅಣ್ಣ ಅಂದ, ಆಮೇಲೆ ಊರು ಅಂದಿತು, ಕೊನೆಗೆ ಯಜಮಾನರೂ ಹಾಗೆಯೇ ನಂಬಿಬಿಟ್ಟರು. ಸಾಯುವವರೆಗೂ ಅದರ ಹತ್ತಿರ ಸುಳಿಯಲಿಲ್ಲ.

"ಈಗ ಅದೇ ನಮ್ ಬಾವ ಇದ್ನ ಗುಜರಿಗಾಕು ಅಂತಾರೆ. ನಂಗೆ ಮನಸು ಬರಾಕಿಲ್ಲ."

ಮುಂದಿನ ಭಾನುವಾರ ಮಂಡ್ಯದ ಹಳೆಯ ಮೆಕ್ಯಾನಿಕ್ ಇಸ್ಮಾಯಿಲ್ ಸಾಬರನ್ನು ಕರೆದುಕೊಂಡು ಹೋದೆ. ಅವರು ಯಂತ್ರದ ಮೈಮೇಲೆ ಒಮ್ಮೆ ಅಂಗೈ ಆಡಿಸಿದರು. "ಒಂದೇ ಸಿಲಿಂಡರು. ಉಗಿ ಇಂಜಿನ್ನೇ." ಉಗಿ ಪಿಸ್ಟನ್ನನ್ನು ಎರಡೂ ಕಡೆಯಿಂದ ಸರದಿಯ ಮೇಲೆ ತಳ್ಳುವ ಬಗೆಯನ್ನು ನಾನು ವಿವರಿಸಿದೆ. ಸಾಬರು ಬಹಳ ಗೌರವದಿಂದ ಪೂರ್ತಿ ಕೇಳಿಸಿಕೊಂಡು, "ಸರಿ ಮೇಷ್ಟ್ರೇ, ಆ ಸ್ಪ್ಯಾನರ್ ಕೊಡಿ" ಎಂದರು.

ಪಿಸ್ಟನ್ನು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಸೀಮೆಎಣ್ಣೆ ಹುಯ್ದು ಒಂದು ವಾರ ನೆನೆಸಿ, ಮರದ ತುಂಡಿಟ್ಟು ಮೆಲ್ಲಗೆ ಬಡಿದ ಮೇಲೆ ಹೊರಬಂತು. ಸಾಬರು ಒಳಗೆ ಬೆರಳಾಡಿಸಿ ಮೂಸಿದರು.

"ತುಕ್ಕಲ್ಲಮ್ಮ, ಎಣ್ಣೆ. ಒಣಗಿ ಗೋಂದಾಗಿದೆ. ನಿಮ್ಮ ಯಜಮಾನ್ರು ಚೆನ್ನಾಗೇ ಎಣ್ಣೆ ಹಾಕಿದಾರೆ."

ಆಮೇಲೆ ಪಕ್ಕದ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಉಗಿಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಿಡುವ ಕವಾಟದ ಸರಳು ಎರಡು ತುಂಡಾಗಿ ಬಿದ್ದಿತ್ತು. ಮುರಿದ ಜಾಗದಲ್ಲಿ ಸಾಸಿವೆಕಾಳು ಹಿಡಿಸುವಷ್ಟು ಪೊಳ್ಳು.

"ಈ ಪೊಳ್ಳು ಸರಳು ಮಾಡೋವಾಗ್ಲೇ ಒಳಗೆ ಉಳಿದದ್ದು. ಯಾರು ಓಡಿಸಿದ್ರೂ ಒಂದಿನ ಮುರೀತಿತ್ತು."

"ಅಂಗಾರೆ ಅವ್ರು ಕೆಡುಸ್ನಿಲ್ವಾ ಸಾಬ್ರೇ?"

"ಇಲ್ಲಮ್ಮ."

"ಇನ್ನೊಂದ್ಸಲ ಯೋಳಿ."

ಸಾಬರು ಕೈ ಒರೆಸಿಕೊಂಡು ಎದ್ದು ನಿಂತರು. "ಇಲ್ಲ ಕಣಮ್ಮ. ಅವರ ತಪ್ಪು ಏನೂ ಇಲ್ಲ."

ಪುಟ್ಟಮ್ಮ ಚಕ್ರದ ಮೇಲಿನ ಸೀರೆ ತೆಗೆದು ಮಡಿಸಿದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

ಸಾಬರು ಹೊಸ ಸರಳು ಮಾಡಿ ಕೂರಿಸಿದರು. ನೀರು ಕಾಯಿಸುವ ಬಾಯ್ಲರು ಮಾತ್ರ ತುಕ್ಕು ತಿಂದು ತೂತಾಗಿತ್ತು. ಅದಕ್ಕೆ ಇಂಜಿನ್ನನ್ನೇ ಗಾಡಿಯಲ್ಲಿ ಮಂಡ್ಯದ ಅಕ್ಕಿ ಗಿರಣಿಯೊಂದಕ್ಕೆ ತಂದು, ಅಲ್ಲಿಯ ಬಾಯ್ಲರಿನಿಂದ ಕೊಳವೆ ಜೋಡಿಸಿದೆವು. ಉಗಿ ಬುಸ್ಸೆಂದಾಗ ವಿಜ್ಞಾನದ ಮೇಷ್ಟ್ರು ಮೂರು ಹೆಜ್ಜೆ ಹಿಂದೆ ಹಾರಿದರು. ಚಕ್ರ ಅನುಮಾನಿಸಿತು, ಅರ್ಧ ಸುತ್ತಿತು, ಆಮೇಲೆ ತಿರುಗಿಯೇ ತಿರುಗಿತು. ಪುಟ್ಟಮ್ಮ ಕಣ್ಣು ಮುಚ್ಚಿಕೊಂಡು ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿ, ಸೆರಗು ಬಿಗಿದುಕೊಂಡರು.

"ನಾನ್ ಬತ್ತೀನಿ. ಬಾವಂಗೆ ಯೋಳ್ಬೇಕು, ಊರ್ಗೂ ಯೋಳ್ಬೇಕು."

"ಗಾಡಿ ಕಟ್ಟಿಸ್ತೀನಿ, ಇರಿ" ಎಂದೆ.

"ನೀವು ನೋಡ್ತಿರಿ ಮೇಷ್ಟ್ರೇ, ನಂಗೆ ಎಲ್ಡ್ ಕಾಲು ಅವೆ."

ಚಕ್ರ ನಿಲ್ಲುವವರೆಗೂ ನಾವಿಬ್ಬರು ಗಂಡಸರು ಬಾಯಿಬಿಟ್ಟುಕೊಂಡು ನೋಡುತ್ತ ನಿಂತೆವು, ರಿಪೇರಿ ಮುಗಿಯಿತೆಂಬ ಖುಷಿಯಲ್ಲಿ. ಆಕೆ ಅಷ್ಟರಲ್ಲಿ ಕೊತ್ತತ್ತಿಯ ದಾರಿಯಲ್ಲಿ ಬಿರಬಿರನೆ ನಡೆಯುತ್ತ, ಉಳಿದ ರಿಪೇರಿಗೆ ಹೊರಟಿದ್ದರು.