ಹನ್ನೊಂದು ಚೀಲ, ಒಂದು ಲವಂಗ

ಔಷಧಿ ಬೇರುಗಳ ಆ ಮಂಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಕಹಿಯಮ್ಮ. ಬೇರು, ತೊಗಟೆ, ಕಾಯಿ ಎಂದು ಬಂದದ್ದನ್ನೆಲ್ಲ ಚೂರು ಮುರಿದು ನಾಲಿಗೆಗಿಟ್ಟು, ಉಗುಳಿ, 'ಆಗುತ್ತೆ' ಅಥವಾ 'ಆಗಲ್ಲ' ಎನ್ನುವುದು ನಲವತ್ತೆರಡು ವರ್ಷದಿಂದ ಅವಳ ಕೆಲಸ. ಮಾತೂ ಅಷ್ಟೇ ಕಹಿ ಎಂದು ಆಳುಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಗಂಡು ಒಬ್ಬನೇ, ಬೀಗ ರಿಪೇರಿಯ ಅವಳ ಗಂಡ. ಅಡುಗೆಗೆ ಉಪ್ಪು ಹೆಚ್ಚಾದ ದಿನ, "ಊರಿಗೆಲ್ಲ ರುಚಿ ಹೇಳೋಳು ಮನೇಲಿ ನಾಲಿಗೆ ಎಲ್ಲಿಟ್ಟಿರ್ತೀಯೇ?" ಎಂದು ಕೆಣಕುತ್ತಿದ್ದ.

ಆವತ್ತು ಬೆಳಿಗ್ಗೆ ಹತ್ತೂವರೆಗೆ ಅವಳು ಟೀ ಲೋಟ ಎತ್ತಿದಳು. ಬೆರಳಿಗೆ ಚುರ್ರೆಂದಿತು, ನಾಲಿಗೆಗೆ ಏನೂ ಆಗಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಬಾಯಲ್ಲಿ ಟೀ ಇದೆಯೋ ಇಲ್ಲವೋ ಎನ್ನುವುದೇ ತಿಳಿಯಲಿಲ್ಲ.

ಆಗತಾನೇ ಅವಳು ಜ್ವರದ ಬೇರಿನ ಹನ್ನೊಂದು ಚೀಲ ನೋಡಿ ಪಾಸು ಮಾಡಿದ್ದಳು. ಮಕ್ಕಳ ಜ್ವರದ ಪುಡಿಗೆ ಹೋಗುವ ಬೇರು ಅದು. ಅದಕ್ಕೆ ಒಡಹುಟ್ಟಿದ್ದೋ ಎಂಬಂತೆ ಇನ್ನೊಂದು ಬೇರಿದೆ, ಅಪ್ಪಟ ವಿಷ. ಒಣಗಿಸಿ ತುಂಡು ಮಾಡಿದರೆ ಯಾವ ಕಣ್ಣಿಗೂ ಎರಡೂ ಒಂದೇ. ಜ್ವರದ ಬೇರು ಬರೀ ಕಹಿ. ವಿಷದ ಬೇರು ಇಟ್ಟರೆ ಅರವತ್ತು ಎಣಿಸುವಷ್ಟರಲ್ಲಿ ನಾಲಿಗೆಗೆ ಜೋಮು ಹಿಡಿಯುತ್ತದೆ. ಆ ಜೋಮೊಂದೇ ಗುರುತು.

ಈಗ ಅವಳ ನಾಲಿಗೆ ಜೋಮು ಹಿಡಿದು ಕೂತಿತ್ತು. ಆದರೆ ನಸುಕಿನಲ್ಲಿ ದವಡೆ ಹಲ್ಲು ಜೀವ ಹಿಂಡಿದ್ದಕ್ಕೆ ಅವಳೊಂದು ಲವಂಗ ಕಚ್ಚಿ ಹಿಡಿದಿದ್ದಳು. ಲವಂಗದ ಗುಣವೂ ಜೋಮು ಹಿಡಿಸುವುದೇ. ಕೆಲಸದ ದಿನ ಬಾಯಿಗೆ ಲವಂಗ ಮುಟ್ಟಿಸಬಾರದು ಎಂಬ ನಿಯಮ ಅವಳೇ ಮಾಡಿದ್ದು. ನಾಲ್ಕು ಸಲ ಬಾಯಿ ಮುಕ್ಕಳಿಸಿ, ಸರಿಹೋಯಿತು ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಒಂದು ದಿನವೂ ರಜೆ ಹಾಕದ ಜಂಬ, ಇನ್ನೇನು. ಈ ಜೋಮು ಲವಂಗದ್ದೋ, ಚೀಲದ್ದೋ? ಹೇಳಬೇಕಾದ ನಾಲಿಗೆಯೇ ಮರಗಟ್ಟಿತ್ತು.

ಊರಿನಲ್ಲಿ ಮನೆಮನೆಗೂ ಮಕ್ಕಳಿಗೆ ಜ್ವರ. ಪುಡಿಗೆ ಕಾದಿದ್ದ ಔಷಧಿ ಅಂಗಡಿಗಳ ಗಾಡಿ ಸಂಜೆ ಐದಕ್ಕೆ ಬರುವುದಿತ್ತು. ಗಿರಣಿಯವನು ಆಗಲೇ ಮೊದಲ ಚೀಲದ ಹೊಲಿಗೆ ಬಿಚ್ಚುತ್ತಿದ್ದ. ಅವಳು ಯಜಮಾನರ ಮೇಜಿನ ಮುಂದೆ ಹೋಗಿ ನಿಂತಳು.

"ಗಿರಣಿ ನಿಲ್ಲಿಸಿ. ಇದು ಹೊಸಬ ತಂದ ಮಾಲು, ನನಗೆ ಅನುಮಾನ."

"ನೀವೇ ಆಗುತ್ತೆ ಅಂದ್ರಲ್ಲಮ್ಮ." ಯಜಮಾನರು ನಕ್ಕರು. "ನಿಮ್ಮ ನಾಲಿಗೆ ತಪ್ಪಿದ್ದು ನಾನಂತೂ ಕಂಡಿಲ್ಲ. ನನಗಿರೋ ನಂಬಿಕೆ ನಿಮಗೇ ಇಲ್ವಲ್ಲ. ಹೋಗಿ ಟೀ ಕುಡೀರಿ."

ಆ ಹೊಗಳಿಕೆಯನ್ನು ಸೆರಗಿಗೆ ಕಟ್ಟಿಕೊಂಡು ಅವಳು ಹೋಗಬಹುದಿತ್ತು. ಹೋಗಬೇಕೆಂದು ಕಾಲು ಎಳೆದದ್ದೂ ನಿಜ. ಹಿಂದೆ ಗಿರಣಿ ಗುರ್ ಎಂದಿತು.

"ಬೆಳಿಗ್ಗೆ ನನ್ನ ಬಾಯಲ್ಲಿ ಲವಂಗ ಇತ್ತು," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಗಿರಣಿಯವನು ತಾನಾಗಿಯೇ ಸ್ವಿಚ್ ಆರಿಸಿದ. ಲವಂಗ ಎಂದರೆ ಆ ಮಂಡಿಯಲ್ಲಿ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು. ಎಂಟು ವರ್ಷದ ಹಿಂದೆ ಕಹಿಯಮ್ಮ ತನ್ನ ಸ್ವಂತ ತಂಗಿಯನ್ನು, ತಾನೇ ಕೆಲಸ ಕಲಿಸಿದವಳನ್ನು, ಬಾಯಲ್ಲಿ ಲವಂಗ ಸಿಕ್ಕಿತೆಂದು ಇದೇ ಬಾಗಿಲಿಂದ ಆಚೆ ಕಳಿಸಿದ್ದಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ.

ಯಜಮಾನರು ಕನ್ನಡಕ ತೆಗೆದರು. "ಈಗ ಯಾರು ನೋಡ್ತಾರೆ?"

"ಒಬ್ಬಳಿದ್ದಾಳೆ. ಬರ್ತಾಳೋ ಇಲ್ವೋ ಗೊತ್ತಿಲ್ಲ."

ತಂಗಿ ಹಿಂದಿನ ಬೀದಿಯ ದರ್ಜಿ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅಕ್ಕನನ್ನು ಕಂಡರೂ ಕಾಲು ನಿಲ್ಲಿಸಲಿಲ್ಲ.

"ಮಂಡಿಗೆ ಬರಬೇಕು ನೀನು."

"ಯಾಕೆ, ಕಹಿಯಮ್ಮನ ನಾಲಿಗೆ ಬಿದ್ದುಹೋಯ್ತಾ?"

"ಹಾಗೇ ಅಂದ್ಕೋ. ಲವಂಗ ಹಾಕ್ಕೊಂಡಿದ್ದೆ."

ಯಂತ್ರ ನಿಂತಿತು. ತಂಗಿ ಅಕ್ಕನ ಮುಖವನ್ನು ನೋಡಿದಳು, ನೋಡುತ್ತಲೇ ಇದ್ದಳು. ಎಂಟು ವರ್ಷ ಕೂಡಿಟ್ಟ ಮಾತೆಲ್ಲ ಅವಳ ತುಟಿಯವರೆಗೆ ಬಂದದ್ದು ಅಕ್ಕನಿಗೆ ಕಂಡಿತು.

"ಯಾವ ಬೇರು?"

"ಜ್ವರದ್ದು. ಮಕ್ಕಳ ಪುಡಿಗೆ."

ತಂಗಿ ಎದ್ದು ಚಪ್ಪಲಿ ಮೆಟ್ಟಿದಳು. "ನಿನಗೋಸ್ಕರ ಬರ್ತಿಲ್ಲ, ತಿಳ್ಕೋ."

ಮಂಡಿಗೆ ಬಂದವಳು ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ತೊಳೆದು ಸ್ಟೂಲಿನ ಮೇಲೆ ಕೂತಳು. ಪ್ರತಿ ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಅಕ್ಕ ತುಂಡು ತೆಗೆದುಕೊಟ್ಟಳು. ತಂಗಿ ಚೂರು ಮುರಿದು ನಾಲಿಗೆಗಿಟ್ಟು ಅರವತ್ತು ಎಣಿಸುವಳು, ಉಗುಳುವಳು, ತೊಳೆಯುವಳು, ನಾಲಿಗೆ ಮತ್ತೆ ತಿಳಿಯಾಗುವವರೆಗೆ ಕಾಯುವಳು. ಒಂದು ಆಯಿತು. ಮೂರು ಆಯಿತು. ಗಡಿಯಾರ ನಾಲ್ಕು ದಾಟಿತು. ಏಳನೆಯ ಚೀಲಕ್ಕೂ 'ಆಗುತ್ತೆ' ಎಂದಾಗ, ನಾಲಿಗೆಯ ಜೋಮು ಲವಂಗದ್ದೇ ಇರಬೇಕೆಂದು ಕಹಿಯಮ್ಮನಿಗೆ ಅನ್ನಿಸತೊಡಗಿತು. ಸುಮ್ಮನೆ ಬಾಯಿಬಿಟ್ಟು ಮಾನ ಕಳೆದುಕೊಂಡೆನಲ್ಲ ಎಂಬ ಯೋಚನೆಯೂ ಬಂತು, ಬಂದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಎಂಟನೆಯ ಚೀಲದ ತಳದ ತುಂಡಿಗೆ ತಂಗಿಯ ಕೈ ಮೆಲ್ಲಗೆ ತುಟಿಗೆ ಹೋಯಿತು. ಅವಳು ಅರವತ್ತರವರೆಗೂ ಎಣಿಸಿದಳು. ಉಗುಳಿ, ತೊಳೆದು, ಮತ್ತೊಮ್ಮೆ ತೊಳೆದು, ಸೀಮೆಸುಣ್ಣದಿಂದ ಚೀಲಕ್ಕೆ ಗೀಟು ಎಳೆದಳು.

"ಆಗಲ್ಲ." ಮಾತು ಆಗಲೇ ತೊದಲುತ್ತಿತ್ತು. "ಉಳಿದ ಮೂರು ಹಾಗೇ ಇರಲಿ. ಇವತ್ತಿಗೆ ನನ್ನ ನಾಲಿಗೆಯೂ ಹೋಯ್ತು."

ಗಿರಣಿಯವನು ಏಳು ಚೀಲ ಒಳಗೆ ಎಳೆದುಕೊಂಡ. ಯಜಮಾನರು ಎಂಟನೆಯದನ್ನು ತಾವೇ ಹೊತ್ತು ಹಿತ್ತಲಿಗೆ ಒಯ್ದರು. ಕಹಿಯಮ್ಮ ಅಲ್ಲೇ ಸ್ಟೂಲಿನ ಪಕ್ಕ ನೆಲಕ್ಕೆ ಕೂತಳು. ಎಲ್ಲೋ ಒಂದು ಮನೆಯಲ್ಲಿ ಒಬ್ಬ ತಾಯಿ ಚಮಚಕ್ಕೆ ಪುಡಿ ಹಾಕುವುದು ಕಣ್ಣಿಗೆ ಕಟ್ಟಿತು. ಅವಳು ಅತ್ತಳು. ಮಂಡಿಯಲ್ಲಿ ಅವಳು ಅತ್ತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸೊಂಟದ ದಪ್ಪ ಬಟ್ಟೆಯ ಏಪ್ರನ್ ಬಿಚ್ಚಿ ತಂಗಿಯ ಮಡಿಲಲ್ಲಿಟ್ಟಳು. "ಬಾಯಿ ಹತೋಟೀಲಿಲ್ಲದೋರಿಗೆ ಇಲ್ಲಿ ಕೆಲಸ ಇಲ್ಲ. ನಿನಗೆ ನಾನೇ ಹೇಳಿದ್ದು."

ತಂಗಿ ಏಪ್ರನ್ನಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಳು.

"ಆವತ್ತು ನನಗೂ ಹಲ್ಲುನೋವೇ ಇತ್ತು ಅಕ್ಕ. ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ಯಾಕೆ ಹಾಕ್ಕೊಂಡೆ ಅಂತ ನೀನು ಒಂದು ಮಾತು ಕೇಳಲಿಲ್ಲ."

"ಇಲ್ಲ. ಕೇಳಲಿಲ್ಲ."

ಗಿರಣಿ ಮತ್ತೆ ತಿರುಗತೊಡಗಿತು. ತಂಗಿ ಅಕ್ಕನ ಗಲ್ಲ ಹಿಡಿದು ಮುಖವನ್ನು ಬೆಳಕಿನತ್ತ ತಿರುಗಿಸಿದಳು. "ಯಾವ ಹಲ್ಲು, ತೋರಿಸು," ಎಂದಳು. ಕಹಿಯಮ್ಮ ಬಾಯಿ ತೆರೆದಳು.