ಉಂಡವರ ಸಿನಿಮಾ

ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿ ಅಂಚು ತುಸು ಕರಕಾಗುವಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಿದ್ದರೆ ನನಗೆ ಅಜ್ಜನ ಕೋಟು ನೆನಪಾಗುತ್ತದೆ. ಬನಹಟ್ಟಿಯ ಅಜ್ಜನ ಮನೆ ಈಗ ನಮ್ಮದಲ್ಲ. ಪಡಸಾಲೆಯಲ್ಲಿ ಅವನು ನೇಯುತ್ತಿದ್ದ ಕುಣಿಮಗ್ಗ ಹೋಗಿ, ಅಲ್ಲಿ ಯಾರದೋ ಪವರ್‌ಲೂಮು ಹಗಲೆಲ್ಲ ಕಿವಿ ಕೊರೆಯುತ್ತದೆ. ಅಜ್ಜ ಹರೆಯದಲ್ಲಿ ಪಲ್ಟನ್ ಸೇರಿ, ಜಪಾನಿನವರ ಮೇಲೆ ಕಾದಾಡಲು ಬರ್ಮಾಕ್ಕೆ ಹೋಗಿ ಬಂದವನು. ಯಾರಾದರೂ ಯುದ್ಧದ ಕಥೆ ಕೇಳಿದರೆ ಅಲ್ಲಿ ಮಳೆ ಭಾಳ ಎಂದಷ್ಟೇ ಹೇಳಿ ಲಾಳಿ ಎಸೆಯುತ್ತಿದ್ದ. ಆದರೆ ಪೇಟೆಗೇ ಹೋಗಲಿ, ಮುಧೋಳಕ್ಕೇ ಹೋಗಲಿ, ಮೊದಲ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಖಾಕಿ ಕೋಟಿನ ಕಿಸೆಗಿಟ್ಟುಕೊಳ್ಳದೆ ಹೊಸ್ತಿಲು ದಾಟಿದವನಲ್ಲ. ತಾನು ತಿನ್ನುತ್ತಿರಲಿಲ್ಲ, ದಾರಿಯಲ್ಲಿ ಕೈಚಾಚಿದವರಿಗೆ ಕೊಟ್ಟು ಬರುತ್ತಿದ್ದ.

ಕಾರಣ ಹೇಳಿದ್ದು ಅಜ್ಜಿ. ಯುದ್ಧ ಮುಗಿದು ಜಪಾನಿಗಳು ಶರಣಾದ ಮೇಲೆ, ತಂತಿಬೇಲಿಯ ಆಚೆ ಕೂತಿದ್ದ ಜಪಾನಿ ಸೆರೆಯಾಳೊಬ್ಬ ಅಜ್ಜನತ್ತ ನೋಡಿ ಬಾಯಿಗೆ ಕೈ ಒಯ್ದು ತೋರಿಸಿದ್ದನಂತೆ. ಬರೀ ಎಲುಬಿನ ಹಂದರ. ಅಜ್ಜನ ಕಿಸೆಯಲ್ಲಿ ರೊಟ್ಟಿ ಇತ್ತು. ವೈರಿಗೆ ಎಂಥ ರೊಟ್ಟಿ ಎಂದು ಕೊಡಲಿಲ್ಲ. ಮರುದಿನ ಮನಸ್ಸು ತಡೆಯದೆ ಒಯ್ದರೆ ಆ ಜಾಗ ಖಾಲಿ. ಅವನು ಸತ್ತನೋ, ಬದುಕಿ ತನ್ನೂರು ಮುಟ್ಟಿದನೋ, ಅದೊಂದು ಅಜ್ಜನಿಗೆ ತಿಳಿಯಬೇಕಿತ್ತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಜಮಖಂಡಿಯಲ್ಲಿ ಸಿನಿಮಾ ಹುಚ್ಚಿನ ಮಾಸ್ತರರೊಬ್ಬರು ಜಪಾನಿನವರೇ ತೆಗೆದ ಬರ್ಮಾ ಯುದ್ಧದ ಚಿತ್ರ ತೋರಿಸುತ್ತಾರೆಂದು ಸುದ್ದಿ ಬಂತು. ಅಜ್ಜ ಮಗ್ಗ ಬಿಟ್ಟು ಎದ್ದೇಬಿಟ್ಟ. ಅಲ್ಲಿದ್ದವರನ್ನೇ ನಿಲ್ಲಿಸಿ ತೆಗೆದಿರುತ್ತಾರೆ, ಬದುಕಿದ್ದರೆ ಆ ಸೆರೆಯಾಳೂ ಕಂಡೇ ಕಾಣುತ್ತಾನೆ ಎಂದು ಅಜ್ಜನ ಲೆಕ್ಕ. ಅವರೆಲ್ಲ ಪಾರ್ಟು ಮಾಡುವವರು ಎಂದು ಅಪ್ಪ ತಿಳಿಹೇಳಿದ. ಕೇಳುವವರ್ಯಾರು! ರೊಟ್ಟಿ ಕಿಸೆಗೆ ಬಿತ್ತು, ನನ್ನನ್ನೂ ಬಸ್ಸು ಹತ್ತಿಸಿದ.

ಪರದೆಯ ಮೇಲೆ ಸಿಪಾಯಿಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಡುತ್ತಿದ್ದರು, ಬಾವುಟಕ್ಕೆ ತಲೆಬಾಗಿ ನಗುನಗುತ್ತ ಸಾಯುತ್ತಿದ್ದರು. ಸೋತದ್ದು ಎಲ್ಲೂ ಕಾಣಲೇ ಇಲ್ಲ. ದೇಶಕ್ಕೆ ಪ್ರಾಣ ಕೊಡುವುದೆಂದರೆ ಇದು ಎಂದರು ಮಾಸ್ತರರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಅಜ್ಜ ಮಾತ್ರ ಬೆಂಚಿನ ತುದಿಗೆ ಸರಿದು ಒಂದೊಂದೇ ಮುಖ ಹುಡುಕುತ್ತಿದ್ದ. ಲೈಟು ಹತ್ತಿದಾಗ ಅವನ ಕಣ್ಣು ತುಂಬಿತ್ತು.

"ಇವರೆಲ್ಲಾ ಉಂಡ ಮಂದಿ ತಂಗಿ," ಎಂದು ಮೊಮ್ಮಗಳಾದ ನನಗೆ ಹೇಳಿದ. "ಅಂವ ಇದರಾಗ ಇಲ್ಲ."

ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೈಚಾಚುವವರೂ ಸಿಗಲಿಲ್ಲ. ರೊಟ್ಟಿ ಹಾಗೇ ಮನೆಗೆ ಬಂತು. ಅಜ್ಜ ಹೋದಾಗ ಕೋಟನ್ನು ಅವನ ಜೊತೆಗೇ ಕಳಿಸಿದೆವು. ನಿಮ್ಮ ಮನೆಯ ಗೂಟಕ್ಕೂ ಇಂಥದೊಂದು ಕೋಟು ತೂಗುತ್ತಿದ್ದರೆ, ಆ ಗೂಟ ಬರಿದಾದಾಗ ಹೇಗಾಗುತ್ತದೆಂದು ನಿಮಗೆ ಗೊತ್ತಿರುತ್ತದೆ.

ಮೊನ್ನೆ ರಬಕವಿಯ ನನ್ನ ಅಡುಗೆಮನೆಯಲ್ಲಿ ಅಣ್ಣನ ಮಗ ರೊಟ್ಟಿಗೆ ಕಾಯುತ್ತ ಮೊಬೈಲಿನಲ್ಲಿ ಇನ್ನೊಂದು ಜಪಾನಿ ಯುದ್ಧದ ಸಿನಿಮಾ ನೋಡುತ್ತಿದ್ದ. ಬಣ್ಣ ಹೊಸದು, ಧಾಟಿ ಅದೇ. ಹರೆಯದ ಪೈಲಟ್‌ಗಳು ಹೂವಿನ ಗಿಡದ ಕೆಳಗೆ ನಿಂತು ನಕ್ಕು, ಸಾಯಲು ವಿಮಾನ ಹತ್ತುತ್ತಿದ್ದರು. "ಎಂಥಾ ದೇಶಭಕ್ತಿ ನೋಡ್ರಿ ಅತ್ತಿ," ಎಂದ. ಹಿಟ್ಟಿನ ಕೈಯಲ್ಲೇ ಬಗ್ಗಿ ಆ ಮುಖಗಳನ್ನು ನೋಡತೊಡಗಿದೆ. ಯಾರನ್ನು ಹುಡುಕುತ್ತೀರಿ ಎಂದು ಕೇಳಿದ. ಹಸಿದವನೊಬ್ಬನನ್ನು ಎಂದೆ, ಅಜ್ಜನ ಕಥೆ ಹೇಳಿದೆ. ಅವನು ಸಿನಿಮಾ ಹಿಂದಕ್ಕೆ ಓಡಿಸಿದ, ನಿಲ್ಲಿಸಿ ನಿಲ್ಲಿಸಿ ನೋಡಿದ.

"ಹಸದವ್ರು ಯಾರೂ ಕಾಣವಲ್ರು ಅತ್ತಿ."

ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ಆ ಮೊದಲನೆಯದನ್ನು ಅವನ ತಾಟಿಗೆ ಹಾಕಲು ಕೈ ಬರಲಿಲ್ಲ. ಅರಿವೆಯಲ್ಲಿ ಸುತ್ತಿ ಬದಿಗಿಟ್ಟೆ.